ಗಿರಣಿ ಮ್ಯೂಸಿಯಮ್ಮಿನಲ್ಲಿ ಅಪ್ಪ

ಅದು ಆ ದಿನದ ಮೂರನೆಯ ಮ್ಯೂಸಿಯಂ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಶಿರಸಿ ಸೀಮೆಯ ಯಕ್ಷಗಾನ ತಂಡವೊಂದು ಬೆಲ್ಜಿಯಮ್ಮಿನ ಗೆಂಟ್ ಊರಿಗೆ ಹೋಗಿತ್ತು. ಅಪ್ಪ ಚಂಡೆಗೆ, ನಾನು ಇಂಗ್ಲಿಷು ಮಾತಾಡಲಿಕ್ಕೆ. ಕೊನೆಯ ಆಟ ಮುಗಿದ ಮರುದಿನ ಬಿಡುವು. ನಮ್ಮನ್ನು ಕರೆಸಿಕೊಂಡವರು ಊರು ತೋರಿಸುತ್ತೇವೆಂದು ಬೆಳಿಗ್ಗೆಯಿಂದ ನಡೆಸಿದ್ದೇ ನಡೆಸಿದ್ದು. ಕೋಟೆ ಆಯಿತು, ಚಿತ್ರಗಳ ಮನೆ ಆಯಿತು. ಹೊಸ ಬೂಟು ಕಚ್ಚಿ ನನ್ನ ಹಿಮ್ಮಡಿ ಸುಲಿದಿತ್ತು. ತಂಡದ ಉಳಿದವರು ಜಾಣರು, ಕೋಣೆಗೆ ಹೋಗಿ ಅವಲಕ್ಕಿ ಕಲಸಿಕೊಂಡು ತಿಂದು ಮಲಗಿದರು. ಕರೆದವರಿಗೆ ಬೇಜಾರಾಗಬಾರದೆಂದು ನಾವಿಬ್ಬರು ಉಳಿದೆವು. ದಾಕ್ಷಿಣ್ಯ ನಮ್ಮ ಮನೆಯವರ ಹಳೇ ಕಾಯಿಲೆ.

ನನ್ನ ಸುಸ್ತಿಗೆ ಬೇರೆ ಕಾರಣವೂ ಇತ್ತು. ಅಪ್ಪ ಯಲ್ಲಾಪುರದ ಮರ ಕೊಯ್ಯುವ ಸಾಮಿಲ್ಲೊಂದರಲ್ಲಿ ಮೂವತ್ತು ವರ್ಷ ಎಂಜಿನ್ ನೋಡಿಕೊಂಡವನು. ಮಿಲ್ಲು ಮುಚ್ಚಿ ಎರಡು ವರ್ಷವಾಗಿತ್ತು. ಮುಚ್ಚಿದ ಮಿಲ್ಲಿಗೇ ಕಾವಲು ಇರಲಿ, ಸುಮ್ಮನೆ ಕುರ್ಚಿ ಹಾಕಿ ಕೂತರೆ ಸಾಕು, ಸಂಬಳ ಕೊಡುತ್ತೇನೆ ಎಂದು ಮಾಲಕರು ಹೇಳಿ ಕಳಿಸಿದ್ದರು. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮನೆಯಲ್ಲಿ ಕೂತು ಒಂದೇ ರೇಡಿಯೋವನ್ನು ದಿನವೂ ಬಿಚ್ಚಿ ಜೋಡಿಸುವವನನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಹೊರಡುವ ಹಿಂದಿನ ದಿನ ಅವನಿಗೆ ಹೇಳದೆ, ಅವನ ಪರವಾಗಿ ಒಪ್ಪಿಗೆ ಕೊಟ್ಟು ಬಂದಿದ್ದೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹನ್ನೊಂದು ದಿನ ಅವನ ಜೊತೆ ತಿರುಗಿದ್ದೆ.

ಮೂರನೆಯದು ಹಳೆಯ ಹತ್ತಿ ಗಿರಣಿ. ನೂಲುವ ಯಂತ್ರ, ಮಗ್ಗ, ಎಲ್ಲವನ್ನೂ ಒರೆಸಿ ಎಣ್ಣೆ ಹಚ್ಚಿ ಸಾಲಾಗಿ ನಿಲ್ಲಿಸಿದ್ದರು. ಕೊನೆಗೆ ಆಳೆತ್ತರದ ಗಾಲಿಯ ಉಗಿ ಎಂಜಿನ್, ಸುತ್ತ ಹಗ್ಗ. ಅಪ್ಪ ಬಗ್ಗಿ ನೋಡುವಾಗ ಅವನ ಕಾಲು ಎಂಜಿನ್ನಿನ ಪೀಠಕ್ಕೆ ತಾಗಿತು. ಕಾಲು ತಾಗಿದ ಮೇಲೆ ಹಾಗೇ ಬಿಡಲಿಕ್ಕುಂಟೆ? ಹಗ್ಗದಡಿ ನುಸುಳಿ ಕಬ್ಬಿಣವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳತೊಡಗಿತು.

ಅಲ್ಲಿಯ ಕೆಲಸದ ಹೆಂಗಸೊಬ್ಬಳು ಓಡಿ ಬಂದಳು. ಕಾಲು ತಾಗಿಸಿದ್ದಕ್ಕೆ ಕ್ಷಮೆ ಕೇಳಿದ್ದು, ನಮ್ಮಲ್ಲಿ ಹೀಗೇ, ಇವರು ಎಂಜಿನ್ ಕೆಲಸದವರು ಎಂದು ತಡವರಿಸುತ್ತ ಹೇಳಿದೆ. ಬೈಯುತ್ತಾಳೆಂದುಕೊಂಡರೆ, ಅವಳು ಗಂಟೆ ನಿಲ್ಲಿಸಿ, ಹಾಗಾದರೆ ಓಡುವುದನ್ನೂ ನೋಡಲಿ ಎಂದು ಗೋಡೆಯ ಗುಂಡಿ ಒತ್ತಿದಳು. ಗಾಲಿ ನುಣ್ಣಗೆ ತಿರುಗಿತು. ಅಪ್ಪನ ಮುಖ ಅರಳೀತು ಎಂದು ನಾನು ಕಾದೆ.

“ಉಗಿ ಎಲ್ಲಿದ್ದು?” ಅಂದ. “ಕೆಳಗೆ ಕರೆಂಟಿನ ಮೋಟಾರು ಇಟ್ಟಿದ್ದ. ಎಂಜಿನ್ ಸುಮ್ನೆ ತಿರುಗ್ತಾ ಇದ್ದು.”

ನಾನು ಕೇಳಿದೆ. ಹೌದಂತೆ.

“ನಿಲ್ಸಲೆ ಹೇಳು,” ಅಂದ ಅಪ್ಪ.

ಹೊರಗಿನ ಬೆಂಚಿನಲ್ಲಿ ಕೂತು ಬೂಟು ಬಿಚ್ಚಿದೆ. ಅಪ್ಪ ಪಕ್ಕದಲ್ಲಿ ಕೂತು ನನ್ನ ಸುಲಿದ ಹಿಮ್ಮಡಿ ನೋಡಿದ. ಆಮೇಲೆ, “ಆ ಕಾವಲು ಕೆಲಸ ಯಂಗೆ ಬ್ಯಾಡ ತಮಾ. ಕುರ್ಚಿ ಮೇಲೆ ಕೂರ್ಸಿ ಸಂಬಳ ಕೊಟ್ರೆ ಆನೂ ಆ ಎಂಜಿನ್ನಿನ ಹಂಗೇ ಆಗ್ತೆ,” ಅಂದ.

ಕೈಯಲ್ಲಿದ್ದ ಬೂಟು ಕೆಳಗಿಟ್ಟು, ಒಪ್ಪಿಗೆ ಕೊಟ್ಟದ್ದನ್ನು ಹೇಳಿಬಿಟ್ಟೆ. “ಆನು ಒಪ್ಕಂಡು ಬೈಂದೆ ಅಪ್ಪಾ.”

“ಗೊತ್ತಿದ್ದು. ಮಾಲಕ್ರು ಅವತ್ತೇ ಸಂಜೆ ಫೋನ್ ಮಾಡಿದ್ರು. ನೀನಾಗೇ ಹೇಳ್ತೆ ಹೇಳಿ ಕಾಯ್ತಾ ಇದ್ದಿದ್ದೆ.”

ಹನ್ನೊಂದು ದಿನವೂ ಬೆಳಿಗ್ಗೆ ಚಹಾ ತಂದು ನನ್ನನ್ನು ಎಬ್ಬಿಸಿದವನು ಅವನೇ. ಎಲ್ಲಾ ಗೊತ್ತಿದ್ದೂ ತಂದುಕೊಟ್ಟಿದ್ದ.

ಯಲ್ಲಾಪುರಕ್ಕೆ ಬಂದ ಮರುದಿನ ಮಾಲಕರ ಮನೆಗೆ ನಾನೇ ಹೋಗಿ, ಅಪ್ಪ ಬರುವುದಿಲ್ಲ ಎಂದೆ. ಕೂತು ಉಣ್ಣುವ ಕೆಲಸ ಬೇಡವೆನ್ನಲಿಕ್ಕೆ ನಿಮ್ಮಪ್ಪನಿಗೆ ಎಷ್ಟು ಸೊಕ್ಕು ಅಂದರು. ಹೌದು, ಸೊಕ್ಕಿದೆ ಅಂದೆ.