ಹಾಡಿಗೆ ಸೆಟ್ ಮಾಡಿ

ಸಂಗೀತ ಕಾರ್ಯಕ್ರಮಕ್ಕೆ ಹೋದರೆ ರುದ್ರಮುನಿ ಒಂದು ಕಡೆ ಕೂರುವವರಲ್ಲ. ಮೊದಲ ಹಾಡಿಗೆ ಮುಂದಿನ ಸಾಲು, ಎರಡನೆಯದಕ್ಕೆ ಸ್ಪೀಕರ್ ಪಕ್ಕ, ಆಮೇಲೆ ನೋಡಿದರೆ ಬಾಗಿಲ ಬಳಿ ನಿಂತಿರುತ್ತಾರೆ. ಸೌಂಡ್ ಸರಿ ಇಲ್ಲ, ಈಗಿನ ಗಾಯಕರು ಪದಗಳನ್ನು ಬಾಯಲ್ಲೇ ನುಂಗುತ್ತಾರೆ ಎಂಬುದು ಅವರ ದೂರು.

ಮೊದಲು ಹೀಗಿರಲಿಲ್ಲ. ಹರೆಯದಲ್ಲಿ ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತಾಗಿನಿಂದ ಭಾವಗೀತೆ ಅವರ ಹುಚ್ಚು. ದಿನವಿಡೀ ಧಡಾರ್ ಧಡಾರ್ ಕೇಳಿದ ಕಿವಿಗೆ ಸಂಜೆ ಒಂದು ಒಳ್ಳೆಯ ಹಾಡು ಬಿದ್ದರೆ ಮಾತ್ರ ಊಟ ಸೇರುತ್ತಿತ್ತು. ವಿಜಯನಗರ, ಬಸವೇಶ್ವರನಗರ, ಎಲ್ಲಿ ಕಾರ್ಯಕ್ರಮವಿದ್ದರೂ ಅವರು ಹಾಜರು.

ಈಚೆಗೆ ಎಲ್ಲದರ ಮೇಲೂ ಸಿಡಿಮಿಡಿ. ಹಳೆಯ ರೆಕಾರ್ಡು, ಕ್ಯಾಸೆಟ್ಟು ಮಾರುವ ಮುನಿರಾಮಯ್ಯನ ಅಂಗಡಿಯಲ್ಲೂ ಹಾಗೇ ಆಯಿತು. ಮುನಿರಾಮಯ್ಯ ಒಂದು ರೆಕಾರ್ಡ್ ಹಾಕಿದ.

"ಮುಳ್ಳು ಸವೆದಿದೆ ಕಣಯ್ಯ. ಬದಲಾಯಿಸು."

"ಹೊಸ ಮುಳ್ಳು ಸಾರ್. ಮೊನ್ನೆ ತಾನೇ ಹಾಕಿದೀನಿ."

ರುದ್ರಮುನಿ ರೆಕಾರ್ಡಿನ ಕವರು ತಿರುಗಿಸಿದರು. ಹಿಂದೆ ಹಾಡಿನ ಸಾಹಿತ್ಯ ಅಚ್ಚಾಗಿತ್ತು. ಓದುತ್ತಾ ಹೋದಂತೆ ಹಾಡು ತೆರೆದುಕೊಂಡಿತು. ಅಚ್ಚಿನ ಮೇಲೆ ಕಣ್ಣಿದ್ದರೆ ಒಂದೊಂದು ಪದವೂ ಸ್ಪಷ್ಟ. ಕಣ್ಣು ತೆಗೆದರೆ ಬರೀ ಗುನುಗು. ರೆಕಾರ್ಡನ್ನು ಕೊಂಡು ಮನೆಗೆ ಬಂದರು. ಏನಾಯಿತೆಂದು ಹೆಂಡತಿ ಲಕ್ಷ್ಮಿಗೂ ಹೇಳಲಿಲ್ಲ.

ಅಂದಿನಿಂದ ಅಚ್ಚಾದ ಸಾಹಿತ್ಯ ಹುಡುಕುವುದೇ ಕೆಲಸವಾಯಿತು. ಹಳೇ ಪುಸ್ತಕದಂಗಡಿ ಸುತ್ತಿದರು. ಎಲ್ಲೂ ಸಿಗದ ಹಾಡನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರು. ರಜೆಯ ದಿನ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ವಿಜಯನಗರದಲ್ಲಿ ಹೊಸ ಭಾವಗೀತೆಗಳ ಬಿಡುಗಡೆ ಕಾರ್ಯಕ್ರಮ ಬಂತು. ಬಾಗಿಲಲ್ಲೇ ಹಾಡುಗಳ ಪುಟ್ಟ ಪುಸ್ತಕ ಹಂಚುತ್ತಿದ್ದರು. ರುದ್ರಮುನಿಗೆ ಹಬ್ಬ. ಮಗಳು ವಚನಾಳ ಪಕ್ಕ ಕೂತು, ಸಾಲಿನ ಮೇಲೆ ಬೆರಳೋಡಿಸುತ್ತಾ ತಲೆದೂಗಿದರು.

ಮೂರನೆಯ ಹಾಡಿಗೆ ಮುಂಚೆ ಗಾಯಕಿ ಕ್ರಮ ಬದಲಿಸುವುದಾಗಿ ಹೇಳಿದಳು. ತೀರಿಹೋದ ತಾಯಿಯ ಮೇಲಿನ ಹಾಡನ್ನು ಎತ್ತಿಕೊಂಡಳು. ಸಭೆ ಗಪ್‌ಚಿಪ್. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ವಚನಾ ಅಪ್ಪನ ಕಡೆ ತಿರುಗಿದಳು. ಅವರು ನಗುತ್ತಿದ್ದರು. ಬೆರಳು ಬೆಕ್ಕಿನ ಮದುವೆಯ ತಮಾಷೆ ಹಾಡಿನ ಮೇಲೆ ಓಡುತ್ತಿತ್ತು.

ವಚನಾ ಮೆಲ್ಲಗೆ ಎರಡು ಪುಟ ತಿರುವಿ, ಸರಿಯಾದ ಸಾಲು ತೋರಿಸಿದಳು. ರುದ್ರಮುನಿ ಅದನ್ನು ನೋಡಿದರು, ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸನ್ನು ನೋಡಿದರು. ಪುಸ್ತಕ ಮುಚ್ಚಿ ಎದ್ದು ಹೊರಗೆ ನಡೆದರು.

ಮಗಳು ಹಿಂದೆಯೇ ಬಂದಳು. "ಎಷ್ಟು ದಿನದಿಂದ ಅಪ್ಪಾಜಿ?"

"ಏನು ಎಷ್ಟು ದಿನದಿಂದ?"

"ಕೇಳಿಸ್ತಾ ಇಲ್ಲ ನಿಮಗೆ."

"ಕೇಳುತ್ತೆ. ತಾಳ ಕೇಳುತ್ತೆ, ರಾಗ ಕೇಳುತ್ತೆ." ಅವರು ರಸ್ತೆ ಕಡೆ ಮುಖ ತಿರುಗಿಸಿದರು. "ಮಾತೇ ಕಿವಿಗೆ ಬರ್ತಾ ಇಲ್ಲ ಕಣಮ್ಮ."

ಪರೀಕ್ಷೆ ಮಾಡಿದ ಡಾಕ್ಟರು ಕಾರಣ ಹೇಳಿದರು. ಮೆಷಿನ್ ಸದ್ದು ಕಿವಿಯ ಸೂಕ್ಷ್ಮವನ್ನೇ ತಿಂದುಹಾಕಿದೆ, ಹೋದದ್ದು ಬರುವುದಿಲ್ಲ, ಶ್ರವಣಯಂತ್ರ ಹಾಕಿಕೊಳ್ಳಿ.

ಹಾಕಿಕೊಂಡ ದಿನ ಲೋಕವೆಲ್ಲ ಒಟ್ಟಿಗೆ ಕಿರುಚಿತು. ಮಿಕ್ಸಿ, ಆಟೋ ಹಾರ್ನು, ಪ್ಲಾಸ್ಟಿಕ್ ಕವರಿನ ಪರಪರ. ಆಸೆಯಿಂದ ಹಾಡು ಹಾಕಿದರೆ ಪಿಟೀಲು ತಗಡು ಕೆರೆದ ಹಾಗಿತ್ತು. ಕಿತ್ತು ಮೇಜಿನ ಮೇಲಿಟ್ಟರು. ತೆಗೆದರೆ ಪದವಿಲ್ಲ, ಹಾಕಿದರೆ ಹಾಡಿಲ್ಲ. ಒಂದಷ್ಟು ದಿನ ಹಾಕುವುದು, ತೆಗೆಯುವುದು ಇಷ್ಟೇ ಆಯಿತು. "ಒಂದು ಕಡೆ ಕೂತ್ಕೊಳ್ರೀ, ನನಗೇ ತಲೆ ತಿರುಗ್ತಾ ಇದೆ" ಎಂದಳು ಲಕ್ಷ್ಮಿ.

ಕೊನೆಗೆ ಅವರೇ ಯಂತ್ರ ಕೊಂಡ ಸೆಂಟರಿಗೆ ಹೋದರು. ಅಲ್ಲಿ ಯಂತ್ರ ಹೊಂದಿಸುವ ಹುಡುಗಿ ಸ್ಪಂದನ.

"ಸಾರ್, ಇದನ್ನ ಮಾತು ಕೇಳಿಸ್ಲಿ ಅಂತ ಮಾಡಿರೋದು."

"ಮಾತು ನಾನು ಬಾಯಿ ನೋಡಿ ತಿಳ್ಕೊತೀನಮ್ಮ. ನೀನು ಹಾಡಿಗೆ ಸೆಟ್ ಮಾಡು."

ಅವಳು ನಕ್ಕಳು. ಅವರು ನಗಲಿಲ್ಲ. ಫೋನಿನಲ್ಲಿ ಹಾಡು ಹಚ್ಚಿ ಮುಂದಿಟ್ಟರು. ಅವಳು ಕಂಪ್ಯೂಟರಿನಲ್ಲಿ ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ "ಈಗ?" ಎಂದಳು. "ಇಲ್ಲ." "ಈಗ?" "ತಬಲಾ ಸರಿಹೋಯ್ತು. ಗಂಟಲು ಇನ್ನೂ ಕೀರಲು." ಹೀಗೆ ಮತ್ತೆ ಮತ್ತೆ ಹೋದರು. ಒಂದು ಮಧ್ಯಾಹ್ನ ಅವರು ಇದ್ದಕ್ಕಿದ್ದಂತೆ ಕೈ ಎತ್ತಿ, "ತಡಿ, ಮುಟ್ಟಬೇಡ" ಎಂದು ಹಾಡು ಮುಗಿಯುವವರೆಗೆ ಅಲುಗಾಡದೆ ಕೂತರು.

ಪೂರ್ತಿ ಸರಿಯಾಯಿತೆಂದಲ್ಲ. ಹೋದ ತಿಂಗಳು ಮಾರೇನಹಳ್ಳಿಯ ಕಾರ್ಯಕ್ರಮದಲ್ಲಿ ಅರ್ಧ ಪದ ಬಂದವು, ಅರ್ಧ ಜಾರಿದವು. ರುದ್ರಮುನಿ ಪಕ್ಕದಲ್ಲಿದ್ದ ಅಪರಿಚಿತರತ್ತ ಬಾಗಿದರು.

"ಸಾರ್, ನನಗೆ ಕಿವಿ ಮಂದ. ಈಗ ಏನಂತ ಹಾಡಿದ್ರು?"

ಬೇರೆಯವರೆದುರು ಅವರು ಹಾಗೆ ಹೇಳಿಕೊಂಡದ್ದು ಅದೇ ಮೊದಲು. ಆ ಮನುಷ್ಯ ಕಿವಿಯ ಹತ್ತಿರ ಬಂದು ಸಾಲನ್ನು ಬಿಡಿಸಿ ಹೇಳಿದರು. ಅಷ್ಟರಲ್ಲಿ ಹಾಡಿನ ಮುಂದಿನ ಸಾಲು ದಾಟಿಹೋಗಿತ್ತು.

"ಅದು?" ಎಂದರು ರುದ್ರಮುನಿ.