ಹೆಂಡತಿಯ ತಮ್ಮ ಹಿಡಿದ ಹಗ್ಗ

ಮೊನ್ನೆ ಮೊಮ್ಮಗಳಿಗೆ ಡ್ರಾಯಿಂಗ್ ಪುಸ್ತಕ ಕೊಳ್ಳುತ್ತಿದ್ದಾಗ ಅಂಗಡಿಯವನ ಕೈಜಾರಿ ಇಂಡಿಯನ್ ಇಂಕಿನ ಬಾಟಲಿಯೊಂದು ಬಿದ್ದು ಒಡೆಯಿತು. ಅವನು ಗೊಣಗುತ್ತಾ ನೆಲ ಒರೆಸುತ್ತಿದ್ದರೆ ನಾನು ಕರ್ಪೂರ ಬೆರೆತಂಥ ಆ ವಾಸನೆ ಎಳೆದುಕೊಳ್ಳುತ್ತಾ ನಿಂತುಬಿಟ್ಟೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಮಿಳುನಾಡಿನ ಗಡಿಯೊಳಗಿನ ತಾಳವಾಡಿಯಲ್ಲಿ ಕನ್ನಡ ಟೀಚರಾಗಿದ್ದಾಗ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಅಂಗಿಯಿಂದ ಇದೇ ವಾಸನೆ ಬರುತ್ತಿತ್ತು...

ಮೇಷ್ಟ್ರಿಗೆ ಇದ್ದದ್ದು ಒಂದೇ ಹುಚ್ಚು, ಚಿತ್ರಕಥೆ. ಸತ್ಯಮಂಗಲದ ಬಸ್ಸಿನ ಕಂಡಕ್ಟರಿಗೆ ಹೇಳಿ ಹಳೆಯ ತಮಿಳು ಕಾಮಿಕ್ಸ್ ತರಿಸಿಕೊಳ್ಳುತ್ತಿದ್ದರು. ಆಕಾಶದಲ್ಲಿ ಹಾರುವವನು, ಮುಖವಾಡ ತೊಟ್ಟು ಗೋಡೆ ಹತ್ತುವವನು, ಒಂದೇ ಗುದ್ದಿಗೆ ಕಟ್ಟಡ ಉರುಳಿಸುವವನು, ಎಲ್ಲ ಅದರಲ್ಲಿದ್ದರು. ನಾನು ಅಲ್ಲೇ ಪಕ್ಕದ ಗೆಟ್ಟವಾಡಿಯವಳು, ಬಾಯಿ ಸುಮ್ಮನಿರುತ್ತಿರಲಿಲ್ಲ.

“ಪ್ಯಾಂಟ್ ಮ್ಯಾಲೆ ಚಡ್ಡಿ ಆಕೊಳನು ಲೋಕ ಕಾಪಾಡನಾ ಮೇಷ್ಟ್ರೆ?” ಎಂದು ರೇಗಿಸುತ್ತಿದ್ದೆ.

ಅವರು ನಗುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ. ನಾಲ್ಕು ವರ್ಷ ಕೂತು ತಮ್ಮದೇ ಒಂದು ಚಿತ್ರಕಥೆ ಬರೆದು, ಆ ವೀರರನ್ನೆಲ್ಲ ಒಬ್ಬನೇ ವೀರನನ್ನಾಗಿ ಮಾಡಿ ನಮ್ಮ ಬೆಟ್ಟಕ್ಕೆ ಕರೆತಂದರು. ನಮ್ಮಲ್ಲಿ ಅಷ್ಟೆತ್ತರದ ಕಟ್ಟಡಗಳೆಲ್ಲಿವೆ? ಹಾಗಾಗಿ ಅವನು ಹೆಜ್ಜೇನು ಕಟ್ಟುವ ಬಂಡೆ ಇಳಿಯುವವನಾದ. ಬೆನ್ನ ಮೇಲೆ ಹಾರಾಡುವ ಕೆಂಪು ಬಟ್ಟೆ ಕರಿಕಂಬಳಿಯಾಯಿತು. ಮುಖವಾಡದ ಬದಲು ಜೇನುನೊಣ ಕಚ್ಚದಂತೆ ಮುಖಕ್ಕೆ ಸುತ್ತಿದ ವಲ್ಲಿ. ಹಾರುವುದನ್ನು ಮಾತ್ರ ಪೂರ್ತಿ ತೆಗೆದುಹಾಕಿ ಕೈಗೊಂದು ಬಳ್ಳಿಯ ಹಗ್ಗ ಕೊಟ್ಟರು. ಯಾಕೆ ಎಂದು ಕೇಳಿದ್ದೆ. “ಆಕಾಶದಲ್ಲಿ ಆರನಿಗೆ ಏನ್ ಭಯ ಟೀಚರೆ? ಬಿದ್ದೋದೇನು ಅನ್ನೊ ಭಯ ಇದ್ದೂ ಇಳಿದ್ರೆ ತಾನೆ ವೀರ?” ಅಂದರು. ಆಮೇಲೆ ನಾನು ಅಷ್ಟು ರೇಗಿಸಲಿಲ್ಲ. ನನ್ನ ಅಕ್ಷರ ದುಂಡಗಿತ್ತೆಂದು ಪಾತ್ರಗಳ ಮಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಊಟದ ಬಿಡುವಿನಲ್ಲಿ ಇಬ್ಬರೂ ಎದುರುಬದುರು ಕೂತು ಬರೆಯುತ್ತಿದ್ದೆವು. ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ನಾನು ಅಷ್ಟು ಸುಖವಾಗಿದ್ದದ್ದು ಆ ಬಿಡುವುಗಳಲ್ಲೇ.

ಚಾಮರಾಜನಗರದ ಒಂದು ಪ್ರೆಸ್ಸಿನವರು ಪುಸ್ತಕ ಅಚ್ಚು ಹಾಕಿಕೊಡಲು ಒಪ್ಪಿದ್ದರು. ಷರತ್ತು ಒಂದೇ: ಹೊಸ ವರ್ಷದ ಕ್ಯಾಲೆಂಡರ್ ಕೆಲಸ ಶುರುವಾಗುವ ಮೊದಲು ಹಾಳೆಗಳು ಅವರ ಕೈ ಸೇರಬೇಕು. ಅಂತೂ ಎಲ್ಲ ಮುಗಿಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಮೇಷ್ಟ್ರು ಹೊರಡುವುದೆಂದಾಯಿತು.

ಹಿಂದಿನ ದಿನ ಸಂಜೆ ಜೀರಹಳ್ಳಿ ಕಡೆಯ ಕಾಡಿನಿಂದ ಜೇನು ತಂದುಕೊಡುವ ಸೋಲಿಗರ ಅಜ್ಜ ಶಾಲೆಗೆ ಬಂದ. ವಯಸ್ಸಿನಲ್ಲಿ ಅದೆಷ್ಟು ಬಂಡೆ ಇಳಿದಿದ್ದನೋ. ಮೇಷ್ಟ್ರು ಸಂಭ್ರಮದಿಂದ ಅವನೆದುರು ಹಾಳೆಗಳನ್ನು ಹರಡಿದರು. ಬಂಡೆಯ ನಡುವೆ ಸಿಕ್ಕಿಕೊಂಡ ಮಗುವೊಂದನ್ನು ತರಲು ವೀರ ಇಳಿಯುವ ಪುಟ ಬಂದಾಗ ಅಜ್ಜ ಬೆರಳಿಟ್ಟು ತಡೆದ.

“ಮ್ಯಾಲೆ ಅಗ್ಗ ಇಡ್ಕೊಂಡಿರನು ಯಾರು?”

“ಅವನ ತಮ್ಮ ಕಣಜ್ಜ.”

“ತಮ್ಮನ ಕೈಗೆ ಅಗ್ಗ ಕೊಟ್ಟನಾ? ಇವ ಸತ್ತ, ಬುಡಿ ಮೇಷ್ಟ್ರೆ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಜ್ಜ ನಿಧಾನವಾಗಿ ಬಿಡಿಸಿ ಹೇಳಿದ. ಅವರಲ್ಲಿ ಜೇನಿಗೆ ಇಳಿಯುವವನ ಹಗ್ಗ ಹಿಡಿಯುವವನು ಹೆಂಡತಿಯ ತಮ್ಮನೇ. ಒಡಹುಟ್ಟಿದವನಿಗೆ ಅಣ್ಣನ ಮೇಲೆ ಏನೇನೋ ಹೊಟ್ಟೆಯುರಿ ಇದ್ದೀತು. “ಅಕ್ಕನ್ ಬಾಳು ಆಳ್ ಮಾಡಕೆ ಯಾವ್ ತಮ್ಮ ಒಪ್ಪನು? ಇವುನ್ಗೆ ಮದ್ವೆ ಮಾಡಿ ಮೊದ್ಲು!”

ತೊಂದರೆ ಏನೆಂದರೆ ಮೇಷ್ಟ್ರಂತೆ ಅವರ ವೀರನೂ ಬ್ರಹ್ಮಚಾರಿ. ಅವನಿಗೊಬ್ಬಳು ಹೆಂಡತಿ, ಅವಳಿಗೊಬ್ಬ ತಮ್ಮ, ಎಂದರೆ ಕಥೆಯನ್ನು ಅರ್ಧದಿಂದ ಮತ್ತೆ ಬರೆಯಬೇಕು. ಅಜ್ಜ ಹೋದ ಮೇಲೆ ನಾನು ಗೋಗರೆದೆ. “ಚಾಮರಾಜನಗರದಲ್ಲಿ ಇದೆಲ್ಲ ಯಾರ್ಗೆ ಗೊತ್ತಾದದು ಮೇಷ್ಟ್ರೆ? ಕಳ್ಸುಬುಡಿ.”

ಅವರು ಹಾಳೆಗಳನ್ನು ಜೋಡಿಸುತ್ತಾ ಅಂದರು: “ಅಜ್ಜನಿಗೆ ಗೊತ್ತಾಯ್ತಲ್ಲ ಟೀಚರೆ. ಆ ಅಗ್ಗ ನಂಬಿ ಇವನ್ನ ಎಂಗ್ ಇಳ್ಸಲಿ ನಾನು?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾಲ್ಕು ವರ್ಷದ ಕೆಲಸ, ಒಂದು ಹಗ್ಗಕ್ಕಾಗಿ! ಎರಡು ದಿನ ಅವರೊಂದಿಗೆ ಮಾತು ಬಿಟ್ಟೆ. ಮೂರನೆಯ ದಿನ ನೋಡಿದರೆ ಅವರು ಹೊಸ ಹಾಳೆಯಲ್ಲಿ ಮದುವೆ ಚಪ್ಪರ ಬಿಡಿಸುತ್ತಿದ್ದರು. ಹುಡುಗಿಯ ಪಕ್ಕದಲ್ಲಿ ಚೂಟಿ ಮುಖದ ತಮ್ಮ. ನನಗೆ ನಗು ತಡೆಯಲಾಗಲಿಲ್ಲ. ಪೆನ್ನು ತೆಗೆದುಕೊಂಡು ಎದುರು ಕೂತೆ.

ಮುಗಿಯುವ ಹೊತ್ತಿಗೆ ಪ್ರೆಸ್ಸಿನಲ್ಲಿ ಕ್ಯಾಲೆಂಡರ್ ಕೆಲಸ ಶುರುವಾಗಿತ್ತು. ಮುಂದಿನ ವರ್ಷ ಹೋದಾಗ ಪ್ರೆಸ್ಸು ಬೇರೆಯವರ ಕೈಗೆ ಹೋಗಿತ್ತು, ಅವರಿಗೆ ಚಿತ್ರಕಥೆ ಬೇಕಿರಲಿಲ್ಲ. ಪುಸ್ತಕ ಒಂದೇ ಒಂದು ಪ್ರತಿಯಾಗಿ ಉಳಿಯಿತು. ಮೇಷ್ಟ್ರು ಅದಕ್ಕೆ ರಟ್ಟು ಹಾಕಿ ಹೊಲಿದು, ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಕಾಡಿನೊಳಗೆ ಅಜ್ಜನವರಿದ್ದ ಹಾಡಿಗೆ ಹೋದರು. ಗುಡಿಸಲುಗಳ ನಡುವೆ ಕೂತು ಚಿತ್ರ ತೋರಿಸುತ್ತಾ ಗಟ್ಟಿಯಾಗಿ ಓದಿದರು. ಹೆಂಗಸರು ಮದುವೆಯ ಪುಟದಲ್ಲಿ ಹುಡುಗಿಯ ಮೂಗು ಸರಿಯಿಲ್ಲ ಎಂದರು. ಬಂಡೆಯ ಪುಟ ಬಂದಾಗ ಎಲ್ಲರೂ ಅಜ್ಜನ ಕಡೆ ನೋಡಿದರು. ಅಜ್ಜ ಬಗ್ಗಿ ಹಗ್ಗ ಹಿಡಿದವನ ಮುಖವನ್ನು ಬಹಳ ಹೊತ್ತು ನೋಡಿದ.

“ಊಂ. ಈಗ ಇಳೀಲಿ ಬುಡಿ,” ಅಂದ.

ಮೇಷ್ಟ್ರ ಮುಖ ಆಗ ಅರಳಿದ್ದನ್ನು ನಾನು ನೋಡಿದೆ. ಅಚ್ಚಾಗಿ ಸಾವಿರ ಪ್ರತಿ ಮಾರಾಟವಾಗಿದ್ದರೂ ಅವರಿಗೆ ಅಷ್ಟು ಸಂತೋಷವಾಗುತ್ತಿತ್ತೋ ಇಲ್ಲವೋ. ಪುಸ್ತಕವನ್ನು ಅಲ್ಲೇ ಬಿಟ್ಟುಬಂದರು. ಅದು ಒಂದು ಹಾಡಿಯಿಂದ ಇನ್ನೊಂದಕ್ಕೆ, ಕೈಯಿಂದ ಕೈಗೆ ತಿರುಗುತ್ತಿದೆ ಎಂದು ಕೆಲವು ವರ್ಷ ಸುದ್ದಿ ಬರುತ್ತಿತ್ತು. ಆಮೇಲೆ...

ಎಂಬತ್ತರ ದಶಕದಲ್ಲಿ ನನಗೆ ವರ್ಗವಾಯಿತು. ಮೇಷ್ಟ್ರು ತೀರಿಕೊಂಡದ್ದು ಎಷ್ಟೋ ತಿಂಗಳಾದ ಮೇಲೆ ನನಗೆ ತಿಳಿಯಿತು. ಈಗ ಅವರಿಲ್ಲ, ಅಜ್ಜನಿಲ್ಲ, ಹುಡುಕಿಸಿದರೂ ಪುಸ್ತಕದ ಒಂದು ಹಾಳೆಯೂ ಸಿಗಲಿಲ್ಲ. ನೆನೆದರೆ ಬೇಸರಕ್ಕಿಂತ ಹೆಚ್ಚಾಗಿ ನಗುವೇ ಬರುತ್ತದೆ, ಆ ಮದುವೆ ಚಪ್ಪರ, ಆ ಮೂಗು. ಆದರೆ ಒಂದು ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಕಳಿಸಿಬಿಡಿ ಎಂದು ಹಟ ಹಿಡಿದವಳು ನಾನು. ಕಳಿಸದೆ ಇದ್ದದ್ದೇ ಸರಿ ಎಂದು ಅಂದೇ ಹಾಡಿಯಿಂದ ಇಳಿದು ಬರುವಾಗ ನನಗೆ ಗೊತ್ತಾಗಿತ್ತು. ದಾರಿಯುದ್ದಕ್ಕೂ ಅವರು ನನ್ನ ಪಕ್ಕದಲ್ಲೇ ನಡೆಯುತ್ತಿದ್ದರು, ನಾನು ಹೇಳಲಿಲ್ಲ.