ಮಾವನವರ ಕಾರಿನ ಕೀ

ನಿನ್ನೆ ಹೆಂಡತಿ ಕಾರು ಓಡಿಸುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ನನ್ನ ಬಲಗಾಲು ತಾನಾಗಿಯೇ ಬ್ರೇಕ್ ಒತ್ತಿತು. ಆ ಬದಿಯಲ್ಲಿ ಬ್ರೇಕ್ ಇಲ್ಲವೆಂಬುದು ಇಂಜಿನಿಯರಿಂಗ್ ಓದಿದ ನನಗೆ ಗೊತ್ತು. ಕಾಲಿಗೆ ಇನ್ನೂ ಗೊತ್ತಾಗಿಲ್ಲ. ಅಲ್ಲಿ ಮ್ಯಾಟ್ ಸವೆದೇ ಹೋಗಿದೆ.

ಕಾರಣ ನನ್ನ ಮಾವನವರು. ಅಮೆರಿಕದ ಸುವಾನಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಮರೆವು ಶುರುವಾಗಿದ್ದರೂ ತರಕಾರಿಗೆ ತಾವೇ ಡ್ರೈವ್ ಮಾಡುತ್ತಿದ್ದರು. ಹೋದ ವರ್ಷ ಒಂದು ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಲಬದಿಯಲ್ಲಿ ಓಡಿಸಬೇಕಾದ ಈ ದೇಶದಲ್ಲಿ, ಮೈಸೂರಿನಲ್ಲಿದ್ದಂತೆ ನೆಮ್ಮದಿಯಾಗಿ ರಸ್ತೆಯ ಎಡಬದಿಯಲ್ಲೇ ಹೊರಟುಬಿಟ್ಟರು. ಎದುರಿಗೆ ಕಸದ ಲಾರಿ. ಮಾವ ಅಳಿಯ ಎಂದರೆ ನಮ್ಮಲ್ಲಿ ಹೇಗೆಂದು ನಿಮಗೆ ಗೊತ್ತಲ್ಲ; ಮದುವೆಯಾದಾಗಿನಿಂದ ಒಬ್ಬರಿಗೊಬ್ಬರು ‘ನೀವು’, ‘ತಾವು’ ಎನ್ನುತ್ತಲೇ ಬಂದವರು. ಹಾಗಾಗಿ ನಾನು ಕಿರುಚಲಿಲ್ಲ. “ಮಾವ, ಲಾರಿ ಸ್ವಲ್ಪ ದೊಡ್ಡದಾಗಿದೆ ಅಲ್ವಾ?” ಎಂದೆ. ಲಾರಿಯವನು ಪಕ್ಕದ ಹುಲ್ಲಿನ ಮೇಲೆ ಹತ್ತಿಸಿದ್ದರಿಂದ ನೀವು ಇದನ್ನು ಓದುತ್ತಿದ್ದೀರಿ.

“ಸಾಯೋವಾಗ್ಲೂ ಮರ್ಯಾದೆನಾ ನಿಮ್ದು?” ಎಂದಳು ಹೆಂಡತಿ. “ನಾಳೆ ಮಕ್ಳು ಇರ್ತಾರೆ ಆ ಕಾರಲ್ಲಿ. ಕೀ ಇಸ್ಕೊಳ್ಳಿ.”

“ನಿಮ್ಮಪ್ಪ, ನೀನೇ ಕೇಳು.”

“ನಾನು ಕೇಳಕ್ಕೆ ಹೋದ್ರೆ ಅತ್ಬಿಡ್ತೀನಿ.”

ಅಂತೂ ಇಬ್ಬರೂ ಲೈಬ್ರರಿಯ ಹಿಂದಿನ ಕೋಣೆಗೆ ಹೋದೆವು. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೆ ಆಸರೆಯಾಗಲೆಂದು ಸ್ವಯಂಸೇವಕರ ಒಂದು ಸಂಘ ಅಲ್ಲಿ ಶನಿವಾರ ಸೇರುತ್ತದೆ. ನಡೆಸುವಾಕೆ ಡೊಲೊರೆಸ್, ಮರೆವಿನ ಕಾಯಿಲೆಯ ಗಂಡನನ್ನು ಕೊನೆಯವರೆಗೆ ನೋಡಿಕೊಂಡವರು. “ಈಗ ನಾನೇ ನಿಮ್ಮ ಮಾವ. ಕೀ ಕೇಳಿ,” ಎಂದು ಕನ್ನಡಕದ ಮೇಲಿಂದ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. “ಏನು?” ಎಂದು ಗದರಿದರು. ಜೇಬಿನಿಂದ ನನ್ನ ಕೀಯನ್ನೇ ತೆಗೆದು ಅವರ ಮುಂದಿಟ್ಟೆ.

ಇಡೀ ಕೋಣೆ ನಕ್ಕಿತು. ಹೆಂಡತಿಯಂತೂ ವಾರವೆಲ್ಲ ಅದನ್ನೇ ಹೇಳಿಕೊಂಡು ನಕ್ಕಳು. ಡೊಲೊರೆಸ್ ಮಾತ್ರ ಬಿಡಲಿಲ್ಲ. “ಮತ್ತೆ ಕೇಳಿ. ರಸ್ತೆಯ ನಿಯಮ ಹೇಳಬೇಡಿ, ನಿಮಗೆ ಹೆದರಿಕೆಯಾಯಿತು ಎನ್ನಿ.”

ಮನೆಗೆ ಬಂದು ಹಾಗೆಯೇ ಹೇಳಿದೆ. “ಮಾವ, ಅವತ್ತು ನಂಗೆ ತುಂಬಾ ಹೆದರಿಕೆ ಆಯ್ತು. ಕೀ ಕೊಟ್ಬಿಡಿ.”

ಅವರು ನನ್ನನ್ನೇ ನೋಡಿದರು. “ನಂಗೂ ಆಯ್ತು ಕಣ್ರೀ. ಯಾವ ಕಡೆ ಹೋಗ್ಬೇಕು ಅಂತ್ಲೇ ತಿಳೀಲಿಲ್ಲ. ನೀವು ಆರಾಮಾಗಿ ಲಾರಿ ವಿಷ್ಯ ಮಾತಾಡ್ತಿದ್ರಿ, ಸರಿಯಾಗೇ ಹೋಗ್ತಿದೀನಿ ಅಂದ್ಕೊಂಡೆ.”

ಕೀ ಕೊಟ್ಟರು.

ಈಗ ತರಕಾರಿಗೆ ನಾನೇ ಕರೆದೊಯ್ಯುತ್ತೇನೆ. “ನಿಧಾನ! ಕಣ್ಣು ಕಾಣಲ್ವೇನ್ರೀ?” ಎಂದು ಅವರು ದಾರಿಯುದ್ದಕ್ಕೂ ಕೂಗುತ್ತಾರೆ. “ಸುಮ್ನಿರಿ ಮಾವ!” ಎಂದು ನಾನೂ ಕೂಗುತ್ತೇನೆ. ಇಷ್ಟು ವರ್ಷದ ಮೇಲೆ ಈಗೀಗ ನಮ್ಮಿಬ್ಬರಿಗೂ ಪರಿಚಯವಾಗುತ್ತಿದೆ.